ಕಾರು ಗುದ್ದಿ ತೊಡೆಮೂಳೆ ಮುರಿದಿದೆ, ವಿಮಾ ಕಂಪನಿ 3 ಲಕ್ಷಕ್ಕೆ ರಾಜಿ ಕೇಳುತ್ತಿದೆ: ಒಪ್ಪಬಹುದೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ನಿಮಗೆ 34 ವರ್ಷ, ಶಿವಮೊಗ್ಗದಲ್ಲಿ ವಾಸ, ಕಟ್ಟಡಗಳಿಗೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಕೆಲಸ. ನಾಲ್ಕು ತಿಂಗಳ ಹಿಂದೆ ತುಮಕೂರಿನ ಹತ್ತಿರ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಕಾರು ನಿಮ್ಮ ಬೈಕಿಗೆ ಗುದ್ದಿ ಬಲತೊಡೆಯ ಮೂಳೆ ಮುರಿದಿದೆ, ಒಳಗೆ ರಾಡು ಹಾಕಿದ್ದಾರೆ, ಊರುಗೋಲು ಇನ್ನೂ ಬಿಟ್ಟಿಲ್ಲ. ಈಗ ವಿಮಾ ಕಂಪನಿಯ ಕಡೆಯವರು ಕೋರ್ಟಿಗೆ ಅಲೆಯುವುದು ಬೇಡ, ಲೋಕ ಅದಾಲತ್‌ನಲ್ಲಿ 3 ಲಕ್ಷಕ್ಕೆ ಮುಗಿಸೋಣ ಎನ್ನುತ್ತಿದ್ದಾರೆ. ಇದು ನ್ಯಾಯವಾದ ಮೊತ್ತವೇ ಎಂದು ಕೇಳಿದ್ದೀರಿ.

ನಾನು ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳಲ್ಲಿ ಮೋಟಾರು ಅಪಘಾತದ ಪ್ರಕರಣಗಳನ್ನು, ಅಂದರೆ ನಾವು ಎಂ.ವಿ.ಸಿ. ಎಂದು ಕರೆಯುವ ಅರ್ಜಿಗಳನ್ನು ನಡೆಸುವ ವಕೀಲ. ನಿಮ್ಮ ದಾಖಲೆಗಳನ್ನು ನೋಡದೆಯೂ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಈ ಹಂತದಲ್ಲಿ ಒಪ್ಪಬೇಡಿ. ಕಂಪನಿಯವರು ಕೆಟ್ಟವರು ಎಂಬ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ. ನಿಮಗೆ ಆಗಿರುವ ನಷ್ಟ ಎಷ್ಟೆಂದು ನಿಮಗೂ ಗೊತ್ತಿಲ್ಲ, ನಿಮ್ಮ ವೈದ್ಯರಿಗೂ ಇನ್ನೂ ಗೊತ್ತಿಲ್ಲ. ಮೂಳೆ ಪೂರ್ತಿ ಕೂಡಿಕೊಂಡ ಮೇಲೆ ಮಂಡಿ ಎಷ್ಟು ಮಡಚುತ್ತದೆ, ಕಾಲು ಎಷ್ಟು ಗಿಡ್ಡವಾಗಿದೆ ಎಂಬುದನ್ನು ಅಳೆದ ನಂತರವಷ್ಟೇ ಅಂಗವೈಕಲ್ಯದ ಪ್ರಮಾಣವನ್ನು ಹೇಳಲು ಸಾಧ್ಯ. ಲೋಕ ಅದಾಲತ್‌ನಲ್ಲಿ ಸಹಿ ಹಾಕಿದ ರಾಜಿಯಾದರೋ ಅಂತಿಮ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅದರ ಮೇಲೆ ಮೇಲ್ಮನವಿ ಇಲ್ಲ. ಆರು ತಿಂಗಳ ನಂತರ ರಾಡು ಸಡಿಲವಾಗಿ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದರೆ ಆ ಖರ್ಚು ನಿಮ್ಮದೇ.

3 ಲಕ್ಷ ಎಂಬ ಅಂಕಿಯನ್ನೂ ಸ್ವಲ್ಪ ತೂಗಿ ನೋಡಿ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ತಪ್ಪು ಯಾರದೆಂದು ಸಾಬೀತು ಮಾಡುವ ಗೋಜೇ ಇಲ್ಲದೆ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೊಡಬೇಕೆಂದಿದೆ, ಮೂಳೆ ಮುರಿತ ತೀವ್ರ ಗಾಯವೇ. ಹಿಂದಿನಿಂದ ಬಂದು ಗುದ್ದಿದ ಪ್ರಕರಣದಲ್ಲಿ ಚಾಲಕನ ನಿರ್ಲಕ್ಷ್ಯವನ್ನು ತೋರಿಸುವುದು ಸಾಮಾನ್ಯವಾಗಿ ಕಷ್ಟವಲ್ಲ, ಹಾಗಾಗಿ ನಿಮ್ಮ ದಾರಿ 166ನೇ ಕಲಮಿನದು. ಅಲ್ಲಿ ಪರಿಹಾರಕ್ಕೆ ಮೊದಲೇ ಕಟ್ಟಿದ ಗಡಿಯಿಲ್ಲ. ಕಾಯ್ದೆ ಬಳಸುವ ಮಾತೇ ‘ನ್ಯಾಯಯುತ ಪರಿಹಾರ’ ಎಂಬುದು.

ಆ ನ್ಯಾಯಯುತ ಪರಿಹಾರವನ್ನು ಲೆಕ್ಕ ಹಾಕುವ ಬಗೆಯನ್ನು ಬಹಳ ಜನ ಗಾಯಾಳುಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ತುಸು ದೀರ್ಘವಾಗಿಯೇ ಹೇಳುತ್ತೇನೆ. ಚಿಕಿತ್ಸೆಯ ಖರ್ಚು, ಆಸ್ಪತ್ರೆಗೆ ಓಡಾಡಿದ ಖರ್ಚು, ಮಲಗಿದ್ದ ತಿಂಗಳುಗಳ ದುಡಿಮೆ, ನೋಡಿಕೊಂಡವರ ಆರೈಕೆ, ಮುಂದೆ ರಾಡು ತೆಗೆಸುವ ಶಸ್ತ್ರಚಿಕಿತ್ಸೆ, ನೋವು, ಬದುಕಿನ ಸೌಖ್ಯದ ನಷ್ಟ ಇವೆಲ್ಲ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಬರುತ್ತವೆ. ಆದರೆ ಶಾಶ್ವತ ನ್ಯೂನತೆ ಉಳಿಯುವ ಪ್ರಕರಣಗಳಲ್ಲಿ ದೊಡ್ಡ ಮೊತ್ತ ಬರುವುದು ಮುಂದಿನ ದುಡಿಮೆಯ ನಷ್ಟ ಎಂಬ ಒಂದೇ ಶೀರ್ಷಿಕೆಯಿಂದ. ಮಾಸಿಕ ಆದಾಯಕ್ಕೆ ಭವಿಷ್ಯದ ಹೆಚ್ಚಳವನ್ನು ಸೇರಿಸಿ, ವರ್ಷಕ್ಕೆ ಲೆಕ್ಕ ಮಾಡಿ, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ದುಡಿಯುವ ಶಕ್ತಿ ಶೇಕಡಾ ಎಷ್ಟು ಕುಂದಿದೆಯೋ ಅಷ್ಟು ಪಾಲನ್ನು ತೆಗೆಯುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 31ರಿಂದ 35 ವರ್ಷದವರಿಗೆ ಗುಣಕ 16. ಸ್ವಂತ ದುಡಿಮೆಯವರು 40 ವರ್ಷದೊಳಗಿದ್ದರೆ ಆದಾಯದ ಶೇ. 40ನ್ನು ಸೇರಿಸಬೇಕೆಂದು 2017ರ ಪ್ರಣಯ್ ಸೇಥಿ ತೀರ್ಪು ಹೇಳಿತು. ಅದು ಸಾವಿನ ಪ್ರಕರಣ. ಶಾಶ್ವತ ನ್ಯೂನತೆಯುಳ್ಳ ಗಾಯಾಳುಗಳಿಗೂ ಈ ಹೆಚ್ಚಳವನ್ನು ನಿರಾಕರಿಸುವಂತಿಲ್ಲ ಎಂದು 2020ರ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ಎಲ್ಲ ನ್ಯಾಯಮಂಡಳಿಗಳೂ ಇದನ್ನು ತಾವಾಗಿ ಸೇರಿಸುವುದಿಲ್ಲ, ನಿಮ್ಮ ವಕೀಲರು ಕೇಳಬೇಕು.

ನಿಮ್ಮ ಆದಾಯ ತಿಂಗಳಿಗೆ 15,000 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಶೇ. 40 ಸೇರಿದರೆ 21,000, ವರ್ಷಕ್ಕೆ 2,52,000, ಅದರ 16 ಪಟ್ಟು 40,32,000. ದುಡಿಮೆಯ ಶಕ್ತಿ ಶೇ. 12 ಕುಂದಿದೆ ಎಂದರೆ ಈ ಶೀರ್ಷಿಕೆಗೆ 4,83,840 ರೂಪಾಯಿ, ಶೇ. 20 ಎಂದರೆ 8,06,400 ರೂಪಾಯಿ. ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಗಮನಿಸಿ. ಹೆಚ್ಚಿನ ವಾದ ನಡೆಯುವುದೂ, ಗಾಯಾಳುಗಳು ಹೆಚ್ಚಾಗಿ ಕಳೆದುಕೊಳ್ಳುವುದೂ ಈ ಶೇಕಡಾವಾರು ಅಂಕಿಯ ಮೇಲೆಯೇ.

ವೈದ್ಯರು ಕಾಲಿಗೆ ಶೇ. 36ರಷ್ಟು ನ್ಯೂನತೆ ಎಂದು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ. 12 ಎಂದು ಪರಿಗಣಿಸುವುದು ನಮ್ಮ ನ್ಯಾಯಾಲಯಗಳಲ್ಲಿ ಬಹುಮಟ್ಟಿಗೆ ರೂಢಿಯಾಗಿದೆ. ಆದರೆ 2011ರಲ್ಲಿ ವರದಿಯಾದ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳುವುದು ಬೇರೆ. ಅಂಗದ ನ್ಯೂನತೆ ಒಂದು, ಆ ನ್ಯೂನತೆಯಿಂದ ಆ ವ್ಯಕ್ತಿಯ ಕಸುಬಿಗಾದ ಪೆಟ್ಟು ಇನ್ನೊಂದು. ಪರಿಹಾರ ನಿಲ್ಲಬೇಕಾದದ್ದು ಎರಡನೆಯದರ ಮೇಲೆ. ಕುಳಿತು ಲೆಕ್ಕ ಬರೆಯುವವರಿಗೆ ಮಂಡಿ ಅರ್ಧ ಮಡಚಿದರೂ ನಡೆದೀತು. ಏಣಿ ಹತ್ತಿ, ಸೂರಿನಡಿ ಕುಕ್ಕರಗಾಲಲ್ಲಿ ಕುಳಿತು ತಂತಿ ಎಳೆಯುವ ನಿಮಗೆ ನಡೆಯುವುದಿಲ್ಲ. ಹಿಂದೊಮ್ಮೆ ಹಿಮ್ಮಡಿಯ ಮೂಳೆ ಮುರಿದಿದ್ದ ಒಬ್ಬ ಕೊನೆಗಾರರ, ಅಂದರೆ ಮರವೇರಿ ಅಡಿಕೆ ಕೊನೆ ಕೊಯ್ಯುವವರ ಪ್ರಕರಣವನ್ನು ನಾನು ನಡೆಸಿದ್ದೆ. ಅವರು ನೆಲದ ಮೇಲೆ ಕುಂಟದೆ ನಡೆಯುತ್ತಿದ್ದರು, ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದರು. ವೈದ್ಯರ ಸಾಕ್ಷ್ಯದ ಜೊತೆಗೆ, ಅವರಿಂದ ವರ್ಷಾನುಗಟ್ಟಲೆ ಕೊನೆ ಕೊಯ್ಯಿಸಿದ್ದ ತೋಟದ ಯಜಮಾನರನ್ನೂ ಸಾಕ್ಷಿಯಾಗಿ ಕರೆಸಿದೆವು. ಎರಡೂ ಪಾದಗಳನ್ನು ಮರಕ್ಕೆ ಒತ್ತಿಹಿಡಿಯದೆ ಅಡಿಕೆ ಮರ ಏರಲಾಗದು, ಆ ಹಿಮ್ಮಡಿಗೆ ಈಗ ಆ ಶಕ್ತಿಯಿಲ್ಲ, ಅಪಘಾತದ ನಂತರ ತಾನು ಬೇರೆಯವರನ್ನು ಕರೆಯಬೇಕಾಯಿತು ಎಂದು ಅವರು ಹೇಳಿದ ಮೇಲೆ ನ್ಯಾಯಮಂಡಳಿ ಮೂರನೇ ಒಂದರ ರೂಢಿಯನ್ನು ಬಿಟ್ಟು ಹೆಚ್ಚಿನ ಪ್ರಮಾಣವನ್ನು ಒಪ್ಪಿತು. ನಿಮ್ಮ ವಿಷಯದಲ್ಲಿ ಆ ಮಾತನ್ನು ಹೇಳಬಲ್ಲವರು ನಿಮಗೆ ಕೆಲಸ ಕೊಡುತ್ತಿದ್ದ ಗುತ್ತಿಗೆದಾರರು. ಅವರ ಬರಿಯ ಪತ್ರ ಸಾಲದು, ಅವರೇ ಬಂದು ಸಾಕ್ಷಿ ಹೇಳುವಂತಾಗಬೇಕು. ನ್ಯೂನತೆಯ ಪ್ರಮಾಣಪತ್ರವನ್ನು ಕೂಡ ನಿಮಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಪಡೆಯುವುದು ಲೇಸು. ಕೇಳಿದಷ್ಟು ಬರೆದುಕೊಡುವ ವೈದ್ಯರ ಬಗ್ಗೆ ಅದೇ ರಾಜ್ ಕುಮಾರ್ ತೀರ್ಪು ನ್ಯಾಯಮಂಡಳಿಗಳನ್ನು ಎಚ್ಚರಿಸಿದೆ.

ಆದಾಯಕ್ಕೆ ದಾಖಲೆಯಿಲ್ಲದಿದ್ದರೆ, ರಾಜ್ಯ ಕಾನೂನು ಸೇವಾ ಪ್ರಾಧಿಕಾರವು ಲೋಕ ಅದಾಲತ್‌ಗಾಗಿ ಮಾಡಿರುವ ವರ್ಷವಾರು ಪಟ್ಟಿಯ ಅಂದಾಜು ಆದಾಯವನ್ನು ನ್ಯಾಯಮಂಡಳಿಗಳು ಆಧಾರವಾಗಿಟ್ಟುಕೊಳ್ಳುತ್ತವೆ. ನುರಿತ ಕೆಲಸಗಾರರ ನಿಜವಾದ ಗಳಿಕೆಗಿಂತ ಅದು ಕಡಿಮೆಯೇ ಇರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ವೈರ್‌ಮನ್ ಪರವಾನಗಿ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಮೂಲಕ ಬಂದ ಕೂಲಿಯ ವಿವರ, ಇವನ್ನೆಲ್ಲ ಈಗಲೇ ಒಟ್ಟುಮಾಡಿ. ಔಷಧದ ಬಿಲ್ಲುಗಳ ಜೊತೆ ವೈದ್ಯರ ಚೀಟಿಗಳೂ ಮೂಲಪ್ರತಿಯಲ್ಲೇ ಇರಲಿ.

ಇನ್ನೊಂದು ದಾಖಲೆಯನ್ನು ಈ ವಾರವೇ ತರಿಸಿ ಓದಿ: ಮೊದಲು ಸೇರಿಸಿದ ಆಸ್ಪತ್ರೆಯ ಎಂ.ಎಲ್.ಸಿ. ದಾಖಲೆ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣವೆಂದು ಆಸ್ಪತ್ರೆ ಬರೆದಿಡುವ ದಾಖಲೆ) ಮತ್ತು ಗಾಯದ ಪ್ರಮಾಣಪತ್ರ. ಗಾಬರಿಯಲ್ಲಿ ಕರೆದೊಯ್ದವರು ‘ಬೈಕಿಂದ ಬಿದ್ದ’ ಎಂದಷ್ಟೇ ಹೇಳಿದ್ದು ‘ತಾನೇ ಬಿದ್ದದ್ದು’ ಎಂದು ದಾಖಲಾಗಿ, ಕಾರಿಗೂ ಗಾಯಕ್ಕೂ ಸಂಬಂಧವೇ ಇಲ್ಲ ಎಂಬ ವಾದಕ್ಕೆ ಎಡೆಯಾದದ್ದನ್ನು ನಾನು ಕಂಡಿದ್ದೇನೆ. ಹಾಗಿದ್ದರೆ ಆಸ್ಪತ್ರೆಯ ಬರಹವನ್ನು ತಿದ್ದಿಸಲು ಹೋಗಬೇಡಿ, ಅದು ಇನ್ನೂ ಅಪಾಯ. ನಿಮ್ಮನ್ನು ಕರೆದೊಯ್ದವರ ಸಾಕ್ಷ್ಯ, ಸ್ಥಳದ ಮಹಜರು, ಮೋಟಾರು ವಾಹನ ನಿರೀಕ್ಷಕರು ಎರಡೂ ವಾಹನಗಳ ಜಖಂ ಬಗ್ಗೆ ಕೊಟ್ಟ ವರದಿ ಇವುಗಳಿಂದ ಅದಕ್ಕೆ ಉತ್ತರ ಕೊಡಬಹುದು. ಕಾರಿನ ಮಾಲೀಕರು ಛಾಪಾ ಕಾಗದದ ಮೇಲೆ ಏನಾದರೂ ಬರೆಸಿಕೊಳ್ಳಲು ಬಂದರೆ ಸಹಿ ಮಾಡಬೇಡಿ. ಅವರ ಚಾಲಕನಿಗೆ ಪರವಾನಗಿ ಇರಲಿಲ್ಲ ಎಂಬ ಸುದ್ದಿ ಬಂದರೂ ಎದೆಗುಂದಬೇಡಿ. ಅಂಥ ಕಡೆ ವಿಮಾ ಕಂಪನಿಯೇ ಮೊದಲು ನಿಮಗೆ ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ಆದೇಶಿಸುವ ಅಧಿಕಾರ ನ್ಯಾಯಮಂಡಳಿಗಿದೆ.

ವಕೀಲರ ಶುಲ್ಕದ ಬಗ್ಗೆ ನಮ್ಮ ವೃತ್ತಿಯವನಾಗಿಯೇ ಹೇಳಬೇಕು. ಬರುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಕೇಳುವವರಿಂದ ದೂರವಿರಿ, ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೇ ವಕಾಲತ್ತು ಹಿಡಿದು ಬರುವವರಿಂದಲೂ. ಶುಲ್ಕ ಕೊಡಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿಗೆ ಅರ್ಹರೇ ಎಂದು ವಿಚಾರಿಸಿ, ಸಹಾಯವಾಣಿ 15100.

ಅವಸರ ಇರುವುದು ರಾಜಿಗಲ್ಲ, ಅರ್ಜಿಗೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ, ಆದರೆ ಅದನ್ನು ನಂಬಿ ಕೂರಬೇಡಿ, ನಿಮಗೆ ಉಳಿದಿರುವುದು ಎರಡೇ ತಿಂಗಳು. ಅಪಘಾತ ತುಮಕೂರಿನ ಬಳಿ ಆಗಿದ್ದರೂ ನೀವು ವಾಸವಿರುವ ಶಿವಮೊಗ್ಗದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು, ಊರುಗೋಲಿನಲ್ಲಿ ತುಮಕೂರಿನವರೆಗೆ ಹೋಗಬೇಕಿಲ್ಲ. ನ್ಯೂನತೆಯ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ ಕೈಸೇರುವವರೆಗೆ ಕಾಯಬೇಡಿ. ಎಫ್‌ಐಆರ್, ಡಿಸ್ಚಾರ್ಜ್ ಸಮರಿ, ಕಾರಿನ ವಿಮಾ ಪಾಲಿಸಿಯ ವಿವರ ಇದ್ದರೆ ಅರ್ಜಿ ಸಲ್ಲಿಸಿ, ಉಳಿದವನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ಬಡ್ಡಿ ಸಾಮಾನ್ಯವಾಗಿ ಅರ್ಜಿಯ ದಿನದಿಂದ ಲೆಕ್ಕವಾಗುತ್ತದೆ. ಕಾಲಿನ ಸ್ಥಿತಿ ನೆಲೆಗೊಂಡ ಮೇಲೆ ಕಂಪನಿ ಮತ್ತೆ ರಾಜಿಗೆ ಬಂದರೆ, ಮೇಲಿನ ಲೆಕ್ಕವನ್ನು ನಿಮ್ಮ ನಿಜವಾದ ಅಂಕಿಗಳಿಂದ ಮಾಡಿ ಎದುರಿಗಿಟ್ಟುಕೊಂಡು ಮಾತನಾಡಿ, ಮೊತ್ತ ಅದರ ಹತ್ತಿರ ಬಂದರೆ ಆಗ ಒಪ್ಪುವುದರಲ್ಲಿ ತಪ್ಪಿಲ್ಲ.