ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆ್ಯಪ್‌ನಲ್ಲಿ ತಯಾರಾಗಲು ಹತ್ತು ನಿಮಿಷ ಹಿಡಿಯುವ ರಿಪೋರ್ಟ್ ಅರ್ಧಕ್ಕೇ ನಿಲ್ಲುತ್ತದೆ, ಏನು ಮಾಡಲಿ?
ಕಾರಣ ಬಹುತೇಕ ಟೈಮ್‌ಔಟ್. ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ್ಯಪ್ ಓಡಿಸುವ ಸರ್ವರ್ ಗುನಿಕಾರ್ನ್, 30 ಸೆಕೆಂಡು ಸದ್ದಿಲ್ಲದ ವರ್ಕರ್ ಅನ್ನು (ವಿನಂತಿಗಳನ್ನು ನಿಭಾಯಿಸುವ ಪ್ರೋಸೆಸ್) ಕೊಂದುಹಾಕುತ್ತದೆ. ಅದರ ಮುಂದೆ ನಿಲ್ಲುವ ವೆಬ್ ಸರ್ವರ್ ಎಂಜಿನ್‌ಎಕ್ಸ್ 60 ಸೆಕೆಂಡು ಕಾದು 504 (ಟೈಮ್‌ಔಟ್ ದೋಷ) ಕೊಡುತ್ತದೆ. ದಯವಿಟ್ಟು ಈ ಅಂಕಿಗಳನ್ನು ಏರಿಸುತ್ತಾ ಹೋಗಬೇಡಿ. ಇರುವ ವರ್ಕರ್‌ಗಳೆಲ್ಲ ರಿಪೋರ್ಟಿನಲ್ಲೇ ಸಿಕ್ಕಿಕೊಂಡರೆ ಇಡೀ ಸೈಟೇ ಕೂತುಬಿಡುತ್ತದೆ. ವ್ಯೂ (ವಿನಂತಿಗೆ ಉತ್ತರ ಕೊಡುವ ಕೋಡ್) ಒಳಗೆ ಹಿನ್ನೆಲೆಯಲ್ಲಿ ಓಡುವ ಥ್ರೆಡ್ ಹುಟ್ಟಿಸುವುದೂ ಬೇಡ, ವರ್ಕರ್ ರೀಸ್ಟಾರ್ಟ್ ಆದರೆ ಕೆಲಸವೂ ಹೋಯಿತು.

ಕೆಲಸವನ್ನು ಹಿನ್ನೆಲೆಯಲ್ಲಿ, ಬೇರೆ ವರ್ಕರ್‌ಗಳಲ್ಲಿ ಓಡಿಸುವ ಸೆಲರಿ, ಆ ಕೆಲಸಗಳ ಕ್ಯೂ (ಸರದಿ) ಹಿಡಿದಿಡುವ ರೆಡಿಸ್ ಹಾಕಿಕೊಳ್ಳಿ. ವ್ಯೂ ಮಾಡಬೇಕಾದ್ದು ಇಷ್ಟೇ: ಡೇಟಾಬೇಸಿನಲ್ಲಿ ‘ಬಾಕಿ’ ಎಂದು ಒಂದು ಸಾಲು ಬರೆದು, ಅದರ ಐಡಿಯನ್ನು ಕ್ಯೂಗೆ ಸೇರಿಸಿ, 202 (‘ವಿನಂತಿ ಸ್ವೀಕರಿಸಿದೆ, ಕೆಲಸ ಇನ್ನೂ ಮುಗಿದಿಲ್ಲ’ ಎಂಬ ಉತ್ತರ) ಕಳಿಸುವುದು. ಬ್ರೌಸರ್ ಆ ಐಡಿ ಹಿಡಿದು ಆಗಾಗ ಸ್ಥಿತಿ ವಿಚಾರಿಸಲಿ. ಹೆಚ್ಚಿನವರು ಎಡವುವುದು ಇಲ್ಲಿ: ಟ್ರಾನ್ಸಾಕ್ಷನ್ ಕಮಿಟ್ ಆದ (ಬರೆದದ್ದು ಡೇಟಾಬೇಸಿನಲ್ಲಿ ಖಾಯಂ ಆದ) ಮೇಲೆಯೇ ಕ್ಯೂಗೆ ಸೇರಿಸಬೇಕು, ಇಲ್ಲವಾದರೆ ಸೆಲರಿಯ ವರ್ಕರ್ ಹುಡುಕುವಾಗ ಆ ಸಾಲೇ ಇರುವುದಿಲ್ಲ. ರೀಟ್ರೈ (ವಿಫಲವಾದರೆ ಮತ್ತೆ ಓಡಿಸುವುದು) ಇಟ್ಟಿದ್ದರೆ, ಟಾಸ್ಕ್ (ಕ್ಯೂಗೆ ಸೇರಿಸಿದ ಕೆಲಸ) ಎರಡು ಸಲ ಓಡಿದರೂ ಏನೂ ಕೆಡದಂತೆ ಬರೆಯಿರಿ.