ಗಣಿಯ ಕನ್ವೇಯರ್ ಬೆಲ್ಟ್ ಹತ್ತಿರ ಕೆಲಸ ಮಾಡುವವರು ಯಾವುದಕ್ಕೆ ಹೆಚ್ಚು ಎಚ್ಚರ ವಹಿಸಬೇಕು?

ಕೋಲಾರದ ಕಲ್ಲು ಕ್ರಷರ್‌ನಲ್ಲಿದ್ದ ನಿಮ್ಮ ತಮ್ಮ ಈಗ ನೆಲದಡಿಯ ಕಲ್ಲಿದ್ದಲು ಗಣಿಗೆ ಸೇರುತ್ತಿದ್ದಾನೆ ಎಂದಿದ್ದೀರಿ. ಬೆಲ್ಟ್ ಓಡುತ್ತಿರುವಾಗಲೇ ಅದನ್ನು ತಿರುಗಿಸುವ ಡ್ರಮ್ಮಿಗೆ ಮೆತ್ತಿದ ಮಣ್ಣನ್ನು ಸಲಿಕೆಯಿಂದ ಕೆರೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿಸಿ. ಹೆಚ್ಚಿನ ಅಪಾಯ ಇರುವುದು ಬೆಲ್ಟ್ ಡ್ರಮ್ಮಿಗೆ ಸುತ್ತಿಕೊಳ್ಳುವ ಜಾಗದಲ್ಲೇ. ಸೆಕೆಂಡಿಗೆ 2 ಮೀಟರ್ ಓಡುವ ಬೆಲ್ಟ್, ಸಲಿಕೆ ಕೈಬಿಡಬೇಕು ಎಂದು ಹೊಳೆಯುವ ಅರ್ಧ ಸೆಕೆಂಡಿನಲ್ಲೇ 1 ಮೀಟರ್ ಎಳೆದುಕೊಂಡಿರುತ್ತದೆ. ಅಲ್ಲಿನ ಜಾಲರಿ ಬಿಚ್ಚಿದ್ದರೆ ಬೆಲ್ಟ್ ಶುರು ಮಾಡಲೇಬಾರದು.

ಪಕ್ಕದ ಪುಲ್ ಕಾರ್ಡ್ (ತುರ್ತಾಗಿ ನಿಲ್ಲಿಸುವ ಹಗ್ಗ) ಎಳೆದರೆ ಬೆಲ್ಟ್ ನಿಲ್ಲುತ್ತದೆ, ನಿಜ. ಆದರೆ ರಿಪೇರಿಗೆ ಅಷ್ಟು ಸಾಲದು, ಇನ್ನೊಬ್ಬರು ಮತ್ತೆ ಚಾಲೂ ಮಾಡಬಹುದು. ಕರೆಂಟ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನೇ ಇಟ್ಟುಕೊಳ್ಳಬೇಕು. ಇಳಿಜಾರಿನ ಬೆಲ್ಟ್ ಆದರೆ ಕರೆಂಟ್ ಇಲ್ಲದೆಯೂ ಲೋಡಿನ ಭಾರಕ್ಕೆ ಹಿಂದಕ್ಕೆ ಜಾರೀತು, ಅದನ್ನೂ ಕಟ್ಟಿಹಾಕಬೇಕು.

ನೆಲದಡಿಯಲ್ಲಿ ಬೆಂಕಿ ಇನ್ನೂ ಭಯಂಕರ. ಬೆಲ್ಟಿನಡಿ ತಿರುಗದೆ ನಿಂತ ರೋಲರ್ ಉಜ್ಜಿ ಕಾಯುತ್ತದೆ, ಕೆಳಗೆ ಬಿದ್ದ ಕಲ್ಲಿದ್ದಲು ಪುಡಿ ಹೊತ್ತಿಕೊಳ್ಳುತ್ತದೆ. 1950ರಲ್ಲಿ ಇಂಗ್ಲೆಂಡಿನ ಕ್ರೆಸ್‌ವೆಲ್ ಗಣಿಯಲ್ಲಿ ಬೆಲ್ಟಿಗೆ ಹತ್ತಿದ ಬೆಂಕಿಗೆ 80 ಜನ ಸತ್ತರು. ಹಾಗಾಗಿ ಕೀಚುಗುಟ್ಟುವ ರೋಲರ್ ಕಂಡರೆ ಆ ಪಾಳಿಯಲ್ಲೇ ಮೇಸ್ತ್ರಿಗೆ ಹೇಳಲಿ. ಹೊಗೆ, ವಿಷಗಾಳಿಯಲ್ಲಿ ಉಸಿರು ಕಾಯುವ ಸಾಧನವಾದ ಸೆಲ್ಫ್ ರೆಸ್ಕ್ಯೂಯರ್ ಸದಾ ಸೊಂಟದಲ್ಲಿರಲಿ.