ಓದು ಬರಹ ಬಾರದ ದೊಡ್ಡವರಿಗೆ ಊರಿನ ಸಂಘಗಳು ಹೇಗೆ ನೆರವಾಗುತ್ತವೆ?

ಕಲಿಕೆಯನ್ನು ದಿನದ ವ್ಯವಹಾರಕ್ಕೆ ಸೇರಿಸುವುದೇ ಇವುಗಳ ದೊಡ್ಡ ಬಲ. ಸ್ವಸಹಾಯ ಸಂಘವನ್ನೇ ನೋಡಿ. ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಪುಸ್ತಕಕ್ಕೆ ಏರಿಸುತ್ತಾರೆ. ಹೆಬ್ಬೆಟ್ಟು ಒತ್ತುತ್ತಿದ್ದವರು ಮೊದಲು ತಮ್ಮ ಹೆಸರು ಬರೆಯಲು ಕಲಿಯುತ್ತಾರೆ. ಆಮೇಲೆ ಪಾಸ್‌ಬುಕ್ಕಿನ ಅಂಕಿ, ಬ್ಯಾಂಕಿನ ಚಲನ್, ಬಸ್ಸಿನ ಬೋರ್ಡು. ತಮ್ಮದೇ ದುಡ್ಡಿನ ಲೆಕ್ಕ ಅಂದಮೇಲೆ ಆಸಕ್ತಿ ತಾನಾಗಿಯೇ ಬರುತ್ತದೆ, ಅಲ್ವಾ?

1989ರಲ್ಲಿ ಶುರುವಾದ, ಹೆಂಗಸರ ಶಿಕ್ಷಣಕ್ಕಾಗಿ ಸರ್ಕಾರ ತಂದ ಮಹಿಳಾ ಸಮಖ್ಯಾ ಅನ್ನುವ ಯೋಜನೆ ಕರ್ನಾಟಕದ ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿಯಿತು. ಸುಮ್ನೆ ಸ್ಲೇಟು ಹಂಚಿ ಪಾಠ ಶುರುಮಾಡಲಿಲ್ಲ. ಹೆಂಗಸರು ಮೊದಲು ಸಂಘ ಕಟ್ಟಿಕೊಂಡು ತಮ್ಮ ಕಷ್ಟಗಳನ್ನು ಮಾತಾಡಿಕೊಂಡರು. ಏನು ಕಲಿಯಬೇಕು, ಯಾವಾಗ ಕಲಿಯಬೇಕು ಅನ್ನುವುದನ್ನು ಅವರಿಗೇ ಬಿಡಲಾಯಿತು. ನನಗೆ ಈ ಕ್ರಮವೇ ಸರಿ ಅನ್ನಿಸುತ್ತದೆ. ಇನ್ನು ತರಗತಿ ಮನೆ ಹತ್ತಿರ, ಸಂಜೆ ಹೊತ್ತು ಇದ್ದರೆ ಬರುವವರು ಜಾಸ್ತಿ. ಕಲಿಸುವವರು ಅದೇ ಓಣಿಯವರಾದರೆ ನಾಚಿಕೆಯೂ ಕಡಿಮೆ.